ಮೇಲಿಂದ ಕಾಣದ ದಿಬ್ಬ

ಯುದ್ಧ ನಿಂತ ಮಾರನೇ ವರ್ಷದ ಪುಷ್ಯ ಮಾಸ. ರಾಗಿ ಒಕ್ಕಣೆ ಮುಗಿದಿತ್ತು, ಬೇಸಿಗೆ ಭತ್ತದ ಸಸಿ ಒಟ್ಲು ಪಾತಿಯಲ್ಲಿ ಬೆರಳುದ್ದ ಎದ್ದಿತ್ತು. ಹೊತ್ತು ಮಾರುದ್ದ ಏರಿದ್ದರೂ ಮಂಜು ನೆಲ ಬಿಟ್ಟಿರಲಿಲ್ಲ. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಹೊರಗಿನ ಒಂದು ಬಯಲಿನಲ್ಲಿ, ಹೊನ್ನಸಂದ್ರದ ನೀರುಗಂಟಿ ಮುನಿರಾಮಯ್ಯ ಹೆಗಲ ಮೇಲೆ ಕಬ್ಬಿಣದ ಸರಳು ಹೊತ್ತುಕೊಂಡು, ತನ್ನೂರಿನ ಗೋಪಾಲಪ್ಪ ವಿಮಾನ ಹತ್ತುವುದನ್ನು ನೋಡಲು ನಿಂತಿದ್ದ.

ಸರಳು ಊರ ಕೆರೆಯ ತೂಬಿನದು, ಎತ್ತಿದರೆ ಕಾಲುವೆಗೆ ನೀರು, ಇಳಿಸಿದರೆ ಇಲ್ಲ. ಹಳೆಯದನ್ನು ತುಕ್ಕು ತಿಂದು ಹಾಕಿತ್ತು. ತೂಬಿನ ಆಳ ಎಷ್ಟು, ಕಣ್ಣು ಎಷ್ಟಗಲ ಎಂಬುದೆಲ್ಲ ಮುನಿರಾಮಯ್ಯನ ಮೊಳದಲ್ಲೇ ಇತ್ತು, ಕಾಗದದಲ್ಲಿ ಇರಲಿಲ್ಲ. ಆದ್ದರಿಂದ ಪೇಟೆಯ ಕಮ್ಮಾರನ ಹತ್ತಿರ ಸರಳು ಮಾಡಿಸಲು ಗೋಪಾಲಪ್ಪ ಅವನನ್ನೇ ಕರೆತರಬೇಕಾಯಿತು. ಅವನ ಅಜ್ಜನ ಕಾಲದಿಂದಲೂ ಮನೆಯ ಕೆಲಸ ಅದೇ: ತೂಬೆತ್ತುವುದು, ಗುದ್ದಲಿ ಹೊತ್ತು ಕಾಲುವೆಯುದ್ದ ನಡೆಯುವುದು, ಸರದಿಯಂತೆ ಒಂದೊಂದು ಗದ್ದೆಗೂ ನೀರು ತಿರುಗಿಸುವುದು, ತೂಬಿಳಿಸುವುದು. ಅದಕ್ಕೆಂದು ಕಾಲುವೆಯ ಕೊನೆಯಲ್ಲಿ ಎರಡು ಮಡಿ ಗದ್ದೆ ಮಾನ್ಯವಾಗಿ ಬಿಟ್ಟಿದ್ದರು. ಮುನಿರಾಮಯ್ಯ, ಅವನ ಹೆಂಡತಿ ಪಾಪಮ್ಮ ಉಣ್ಣುತ್ತಿದ್ದುದು ಆ ಎರಡು ಮಡಿಯ ಅನ್ನವನ್ನೇ.

ನಂದಗುಡಿ ಹೋಬಳಿಯಲ್ಲಿ ಗೋಪಾಲಪ್ಪನಷ್ಟು ಜಮೀನು ಉಳ್ಳವರು ಇನ್ನೂ ಕೆಲವರಿದ್ದರು. ಅವನಷ್ಟು ಮಾತು ಉಳ್ಳವರು ಮಾತ್ರ ಯಾರೂ ಇರಲಿಲ್ಲ. ಯುದ್ಧದಲ್ಲಿ ವಿಮಾನ ಓಡಿಸಿ ಕೆಲಸ ಬಿಟ್ಟ ಒಬ್ಬ ಬಿಳಿ ದೊರೆ ಸಣ್ಣದೊಂದು ವಿಮಾನ ಕೊಂಡು, ಟಿಕೆಟ್ಟು ಕೊಂಡವರಿಗೆ ಆಕಾಶದಿಂದ ಬೆಂಗಳೂರು ತೋರಿಸುತ್ತಾನೆ ಎಂದು ಅವನಿಗೆ ಹೊಸಕೋಟೆ ಸಂತೆಯಲ್ಲಿ ಯಾರೋ ಹೇಳಿದ್ದರು. ಒಂದು ಸುತ್ತಿನ ಟಿಕೆಟ್ಟಿಗೆ ಪೇಟೆ ಮಾತ್ರ. ಎರಡು ಸುತ್ತಿನದಕ್ಕೆ, ಹೇಳಿದ ಕಡೆಗೆ ಇನ್ನೊಂದು ಗಳಿಗೆ. ಗೋಪಾಲಪ್ಪ ಎರಡು ಸುತ್ತಿನದೇ ಕೊಂಡಿದ್ದ, ತನಗೊಂದು, ಭಾಮೈದ ಚಿಕ್ಕವೆಂಕಟಪ್ಪನಿಗೊಂದು.

ಚಿಕ್ಕವೆಂಕಟಪ್ಪ ಹಿಂದಿನ ರಾತ್ರಿ ಛತ್ರದಲ್ಲಿ ಮಲಗುವವರೆಗೂ ಹುಲಿಯ ಹಾಗಿದ್ದ. ವಿಮಾನದ ಮೂತಿಯಲ್ಲಿ ರೆಕ್ಕೆ ಗಿರ್ರೆಂದು ತಿರುಗಿದ್ದನ್ನು ಕಂಡದ್ದೇ ಹೊಟ್ಟೆ ಹಿಡಿದುಕೊಂಡ.

"ಭಾವ, ನಂಗೆ ಬೆಳಗ್ಗಿಂದ ಯಾಕೋ ಸರಿಯಿಲ್ಲ."

"ಬೆಳಗ್ಗೆ ಎಂಟು ಇಡ್ಲಿ ತಿಂದ್ಯಲ್ಲೋ."

"ಅದಕ್ಕೇ ಅಂತ ಕಾಣ್ತದೆ."

ಟಿಕೆಟ್ಟು ಹರಿಯುವವನು ಬಂದು ವಿಷಯ ಕೇಳಿದ. ಹಿಂದಿನ ಎರಡು ಸೀಟಿನಲ್ಲಿ ಒಂದು ಖಾಲಿ ಬಿಟ್ಟರೆ ವಿಮಾನ ಒಂದು ಪಕ್ಕಕ್ಕೆ ವಾಲುತ್ತದೆ ಅಂದ. "ಆಳಿಲ್ದಿದ್ರೆ ಒಂದು ಮೂಟೆ ಮರಳು ಮಡಗ್ತೀವಿ."

"ಮರಳೇ ಮಡಗಪ್ಪ," ಅಂದ ಗೋಪಾಲಪ್ಪ. ಮರಳಾದರೆ ಊರಿಗೆ ಬಂದು ಮಾತಾಡುವುದಿಲ್ಲ.

ಆದರೆ ಮರಳಿನ ಮೂಟೆ ಹರಿದಿತ್ತು. ದೊರೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಗೋಪಾಲಪ್ಪ ಸುತ್ತ ನೋಡಿದ. ಬಯಲಿನಲ್ಲಿ ಉಳಿದಿದ್ದವನು ಮುನಿರಾಮಯ್ಯ ಒಬ್ಬನೇ.

ಹೀಗೆ ಮುನಿರಾಮಯ್ಯ ಹರಿದ ಮೂಟೆಯ ಜಾಗದಲ್ಲಿ ಆಕಾಶಕ್ಕೆ ಹೋದ. ಸರಳನ್ನು ಚಿಕ್ಕವೆಂಕಟಪ್ಪನ ಕೈಗೆ ಕೊಟ್ಟು ಹೋದ. ಅವನು ಅದರ ಮೇಲೆಯೇ ಕುಳಿತ.

ಸೀಟು ಇಬ್ಬರಿಗೆ ಸಾಲದಷ್ಟು ಇಕ್ಕಟ್ಟು. ಊರಿನಲ್ಲಿ ಮುನಿರಾಮಯ್ಯ ಗೋಪಾಲಪ್ಪನ ಜಗುಲಿಯಿಂದ ಎಂಟು ಹೆಜ್ಜೆ ದೂರ ನಿಲ್ಲುವವನು. ಇಲ್ಲಿ ತೊಡೆಗೆ ತೊಡೆ ತಾಗುತ್ತಿತ್ತು. ಗೋಪಾಲಪ್ಪ ವಲ್ಲಿಯನ್ನು ನಾಲ್ಕು ಮಡಿಕೆ ಮಾಡಿ ನಡುವೆ ಇಟ್ಟ. ವಿಮಾನ ನೆಲ ಬಿಟ್ಟು ಒಂದು ಸಲ ಕುಲುಕಿದ್ದೇ ತಡ, ಅವನ ಎರಡು ಕೈಯೂ ಬಂದು ಮುನಿರಾಮಯ್ಯನ ಮುಂಗೈ ಹಿಡಿದವು. ವಲ್ಲಿ ಕಾಲಡಿ ಬಿತ್ತು. ಇಳಿಯುವವರೆಗೂ ಅದನ್ನು ಯಾರೂ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಪಾಲಪ್ಪನಿಗೆ ಧೈರ್ಯ ಬಂತು, ಕತ್ತು ಚಾಚಿದ. ಕೆಳಗೆ ಪೇಟೆಯ ಮಾಳಿಗೆಗಳು ಹಪ್ಪಳ ಒಣಹಾಕಿದ ಹಾಗೆ ಒತ್ತೊತ್ತಾಗಿದ್ದವು. ಬಿಳಿಯರ ದಂಡು ಪ್ರದೇಶದ ರಸ್ತೆಗಳು ದಾರ ಹಿಡಿದು ಎಳೆದಂತೆ ಸೀದಾ ಇದ್ದವು. ಗೋಪಾಲಪ್ಪನ ಕಣ್ಣು ಆ ರಸ್ತೆಗಳ ಮೇಲೆಯೇ ನೆಟ್ಟಿತು.

"ನೋಡೋ, ಬಿಳಿಯೋರ ಕೆಲ್ಸ. ಒಂದು ಸೊಟ್ಟ ಐತಾ?" ಎಂದು ಗದ್ದಲದಲ್ಲಿ ಕಿವಿಯ ಹತ್ತಿರ ಕೂಗಿದ.

ಮುನಿರಾಮಯ್ಯ ನೋಡಿದ್ದು ಬೇರೆ. ಲಾಲ್‌ಬಾಗಿನ ಬಂಡೆ ಕಾಣಿಸಿತು. ಹರೆಯದಲ್ಲಿ ಅವನು ಅದನ್ನು ಹತ್ತಿದ್ದ, ಹತ್ತುವಾಗ ಮಂಡಿ ಹಿಡಿದಿದ್ದು ನೆನಪಿತ್ತು. ಮೇಲಿಂದ ಅದು ನೆಲಕ್ಕೆ ತಟ್ಟಿದ ಬೆರಣಿಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಎರಡು ಸಲ ಕಣ್ಣು ಉಜ್ಜಿಕೊಂಡು ನೋಡಿದ. ಬಂಡೆಗೆ ಎತ್ತರವೇ ಇರಲಿಲ್ಲ. ಇಲ್ಲಿಂದ ಏರೂ ಇಲ್ಲ, ಇಳಿಜಾರೂ ಇಲ್ಲ, ಎಲ್ಲ ಒಂದೇ ಚಾಪೆ ಅಂದುಕೊಂಡ.

ಎರಡನೇ ಸುತ್ತಿಗೆ ದೊರೆ ಮೂಡಲಿಗೆ ತಿರುಗಿಸಿದ. ಹೊಸಕೋಟೆಯ ದೊಡ್ಡ ಕೆರೆ ದಾಟಿ ಹೊನ್ನಸಂದ್ರದ ಕೆರೆ ಬಂತು. ಏರಿಯಿಂದ ಹೊರಟ ಕಾಲುವೆ ಎಡಕ್ಕೆ ಹೋಗಿ, ಬಲಕ್ಕೆ ಬಂದು, ಹುಣಸೆ ತೋಪನ್ನು ಸುತ್ತು ಹಾಕಿ, ಕುಡಿದವನು ಮನೆ ಹುಡುಕಿಕೊಂಡು ಹೋದ ಹಾಗೆ ಹೋಗಿತ್ತು. ತೂಬಿನಿಂದ ಗದ್ದೆ ಬಯಲಿಗೆ ಸೀದಾ ಗೆರೆ ಎಳೆದರೆ, ನಡುವೆ ಬರುವುದು ಗೋಪಾಲಪ್ಪನ ಹೊಲ. ಮಳೆ ಬಂದರೆ ರಾಗಿ, ಬಾರದಿದ್ದರೆ ಏನೂ ಇಲ್ಲದ ಹೊಲ.

ಗೋಪಾಲಪ್ಪ ನಗಲು ಶುರು ಮಾಡಿದ. ಇಳಿಯುವವರೆಗೂ ಒಬ್ಬನೇ ನಕ್ಕ.

ಇಳಿದ ಮೇಲೆ ಮೊದಲು ಮಾಡಿದ ಕೆಲಸ ಬಾವಿ ಹುಡುಕಿ ತಲೆಗೆ ನೀರು ಹೊಯ್ದುಕೊಂಡದ್ದು. ಎರಡನೆಯದು ಮುನಿರಾಮಯ್ಯನನ್ನು ಪಕ್ಕಕ್ಕೆ ಕರೆದದ್ದು.

"ಲೇ ಮುನಿರಾಮ, ನೀನೂ ಹತ್ತಿದ್ದು ಊರಲ್ಲಿ ಉಸಿರೆತ್ಬೇಡ."

"ಯಾಕ್ ಬುದ್ಧಿ?"

"ಯಾಕೆ ಅಂದ್ರೆ? ನೀನೂ ಹತ್ತಿದ್ದೆ ಅಂದ್ಮೇಲೆ ನಾನು ಹತ್ತಿದ್ದಕ್ಕೆ ಬೆಲೆ ಏನಿರ್ತದೆ?"

ಮುನಿರಾಮಯ್ಯ ಸರಳು ಹೊತ್ತುಕೊಂಡ.

ಆ ದಿನ ಸಂಜೆ ಪಾಪಮ್ಮನಿಗೆ ಮಾತ್ರ ಹೇಳಿದ. ಅವಳು ಒಲೆ ಊದುತ್ತಾ ಕೇಳಿದಳು, "ಮೇಲಿಂದ ಏನೇನ್ ಕಾಣ್ತು?"

"ಎಲ್ಲಾ ಕಾಣ್ತು. ಏರು ಇಳಿಜಾರು ಮಾತ್ರ ಕಾಣ್ಲಿಲ್ಲ."

"ಹಂಗಾದ್ರೆ ನೀರುಗಂಟಿಗೆ ಏನ್ ಕಂಡಂಗಾಯ್ತು?" ಅಂದಳು ಪಾಪಮ್ಮ.

ಹೊನ್ನಸಂದ್ರದಲ್ಲಿ ಮುಂದಿನ ಎಂಟು ದಿನ ಗೋಪಾಲಪ್ಪನ ಮಾತು ಬಿಟ್ಟು ಬೇರೆ ಮಾತಿಗೆ ಜಾಗ ಇರಲಿಲ್ಲ. ಮೊದಲ ದಿನ ಮೋಡದ ಹತ್ತಿರ ಹೋಗಿದ್ದವನು ಮೂರನೇ ದಿನ ಮೋಡದ ಒಳಗೆ ಹೋದ. ಐದನೇ ದಿನಕ್ಕೆ ಮೋಡ ಒದ್ದೆಯಾಗಿ, ಅರಳೆಯ ಹಾಗೆ ಕೈಗೆ ಸಿಕ್ಕಿತು. ಒಂಬತ್ತನೇ ದಿನ ಊರ ಗದ್ದೆಯವರನ್ನೆಲ್ಲ ಕೆರೆ ಏರಿಯ ಮೇಲೆ, ತೂಬಿನ ಹತ್ತಿರ ಸೇರಿಸಿದ.

"ನಮ್ಮ ಕಾಲುವೆ ನೋಡಿ ನಂಗೆ ನಾಚಿಕೆ ಆಯ್ತು," ಅಂದ. "ಒಂದು ಹರದಾರಿ ಸುತ್ತಾಕ್ಕೊಂಡು ಹೋಗ್ತದೆ. ಇವತ್ತು ಬಿಟ್ಟ ನೀರು ನಾಳೆ ತಲುಪ್ತದೆ. ಸೀದಾ ತೋಡಿದ್ರೆ ಎಲೆ ಅಡಿಕೆ ಅಗಿಯೋದ್ರೊಳಗೆ ನೀರು ಅಲ್ಲಿ. ನನ್ನ ಹೊಲದಾಗೇ ಹೋಗ್ಲಿ, ಜಾಗ ಬಿಟ್ಕೊಡ್ತೀನಿ."

ಜಾಗ ಬಿಟ್ಟುಕೊಡುವ ಮಾತು ದೊಡ್ಡದಾಗಿ ಕೇಳಿಸಿತು. ಆ ಹೊಲ ಕಾಲುವೆಯ ಮೊದಲ ಗದ್ದೆಯಾಗುತ್ತದೆ, ಮೊದಲ ನೀರು ಅದಕ್ಕೇ ಎಂಬುದನ್ನು ಅವನು ಹೇಳಲಿಲ್ಲ. ಕೇಳುತ್ತಿದ್ದವರಿಗೆ ಹೊಳೆಯಲೂ ಇಲ್ಲ. ಹೊಳೆದದ್ದು ಬೈರಮ್ಮನಿಗೆ ಮಾತ್ರ. ಗಂಡ ಸತ್ತ ಮೇಲೆ ಕಾಲುವೆಯ ಕೊನೆಯ ಮೂರು ಮಡಿಯನ್ನು ತಾನೇ ನಿಂತು ಮಾಡಿಸುತ್ತಿದ್ದ ಒಕ್ಕಲಗಿತ್ತಿ ಅವಳು.

"ಏನಪ್ಪಾ ಗೋಪಾಲಪ್ಪ, ಹಳೇ ಕಾಲುವೆ ಏನ್ಮಾಡ್ತೀಯ?"

"ಮುಚ್ಚಾಕೋದು. ಸೀದಾ ಕಾಲುವೆಗೆ ನೀರುಗಂಟಿನೂ ಬ್ಯಾಡ ಕಣವ್ವ. ಅವರವರ ಮಡಿ ಬಾಯಿ ಅವರವರು ತಕ್ಕೊಂಡ್ರೆ ಆಯ್ತು. ನೀರು ತಲುಪಿದ ದಿನ ಮುನಿರಾಮ ಸರಳು ತಂದು ನನ್ನ ಕೈಗೆ ಕೊಡ್ಲಿ. ಕೆಲ್ಸ ಇಲ್ದೋನಿಗೆ ಮಾನ್ಯ ಯಾಕೆ, ಆ ಎರಡು ಮಡಿ ಊರಿಗೆ ಸೇರ್ಲಿ."

ಊರಿಗೆ ಎಂದರೆ ಯಾರಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಮುನಿರಾಮಯ್ಯ ಗುಂಪಿನ ಹೊರಗೆ, ತೂಬಿನ ಕಲ್ಲಿನ ಪಕ್ಕ ನಿಂತಿದ್ದ.

"ಗೌಡ್ರೆ," ಅಂದ. "ನಿಮ್ಮ ಹೊಲದ ನಡುಮಧ್ಯೆ ಒಂದು ದಿಬ್ಬ ಐತೆ. ಮಂಡಿಯುದ್ದನೂ ಇಲ್ಲ, ಅಗಲವಾಗಿ ಹರಡ್ಕೊಂಡೈತೆ. ಅದಕ್ಕೇ ನಮ್ಮ ಹಿರೀಕರು ಸುತ್ತಾಕಿರೋದು. ಮಳೆ ಬಂದಾಗ ಅಲ್ಲಿ ನೀರು ಎರಡು ಸೀಳಾಗ್ತದೆ. ತೋಡೋದಾದ್ರೆ ಅಲ್ಲಿ ಇನ್ನೂ ಒಂದು ಮೊಳ ಆಳ ತಗೀಬೇಕು. ಅಡೀಲಿ ಬಂಡೆ ಐತೆ."

ಕೆಲವರು ಹೊಲದ ಕಡೆ ತಿರುಗಿ ನೋಡಿದರು. ಹೊಲ ಅಂಗೈಯ ಹಾಗಿತ್ತು.

ಗೋಪಾಲಪ್ಪ ಯಾವ ಮಾತನ್ನು ಬೆಂಗಳೂರಿನಲ್ಲಿ ಮುಚ್ಚಿಸಿದ್ದನೋ ಅದೇ ಮಾತು ಈಗ ಕೆಲಸಕ್ಕೆ ಬರುವಂತಿತ್ತು.

"ಲೋ, ನೀನೂ ನನ್ನ ಜೊತೆ ಇಮಾನದಾಗೆ ಕೂತಿದ್ಯೋ ಇಲ್ವೋ?"

ಏರಿಯ ಮೇಲೆ ಗುಜುಗುಜು ಎದ್ದಿತು. ಮೋಡ ಮುಟ್ಟಿ ಬಂದವರು ಇಬ್ಬರು ಎಂದು ಊರಿಗೆ ತಿಳಿದದ್ದು ಆಗಲೇ.

"ಕೂತಿದ್ದೆ ಬುದ್ಧಿ."

"ಈ ಹೊಲ ನೋಡ್ದೆಯಾ?"

"ನೋಡ್ದೆ."

"ದಿಬ್ಬ ಕಾಣಿಸ್ತಾ?"

ಮುನಿರಾಮಯ್ಯ ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಎರಡು ಮಡಿ ಅಲ್ಲಿಗೇ ಉಳಿಯುತ್ತಿತ್ತು. ಆದರೆ ಸರದಿ ತಪ್ಪಿಸಿ ಒಂದು ಮಡಿಗೂ ನೀರು ಬಿಟ್ಟವನಲ್ಲ, ಆ ಅಭ್ಯಾಸ ನಾಲಿಗೆಗೂ ಹತ್ತಿತ್ತು.

"ಕಾಣ್ಲಿಲ್ಲ," ಅಂದ. "ಮೇಲಿಂದ ಯಾವ ದಿಬ್ಬನೂ ಕಾಣಾಕಿಲ್ಲ ಗೌಡ್ರೆ. ಲಾಲ್‌ಬಾಗಿನ ಬಂಡೆಗೂ ಎತ್ತರ ಕಾಣ್ಲಿಲ್ಲ. ಅದು ಕಾಲಿಗೆ ಗೊತ್ತಾಗೋದು."

"ಕಾಲಲ್ಲಿ ನೋಡ್ತಾನಂತೆ," ಅಂದ ಚಿಕ್ಕವೆಂಕಟಪ್ಪ. "ಹಂಗಾದ್ರೆ ಕಣ್ಣಲ್ಲಿ ನಡೀತೀಯೇನೋ?"

ಏರಿ ನಕ್ಕಿತು. ನಗು ನಿಂತ ಮೇಲೆ ಮುನಿರಾಮಯ್ಯ ಇನ್ನೊಂದು ಮಾತು ಹೇಳಿದ.

"ಆಗ್ಲಿ. ಆದ್ರೆ ದಿಬ್ಬದ ಈ ಪಕ್ಕ ನೀರು ನಿಂತ್ರೆ ಅದು ನಿಮ್ಮ ಕೊಟ್ಟಿಗೆ ಹಿಂದಿನ ತಗ್ಗಿಗೆ ಹೋಗ್ತದೆ. ಹುಲ್ಲಿನ ಮೆದೆ ಅಡೀಲಿ ಏನಾದ್ರೂ ಇದ್ರೆ ಮೊದ್ಲೇ..."

"ಅಲ್ಲೇನೂ ಇಲ್ಲ," ಅಂದ ಗೋಪಾಲಪ್ಪ. ಬೇಕಾದುದಕ್ಕಿಂತ ಗಟ್ಟಿಯಾಗಿ ಅಂದ.

ಮಾರ್ಗಶಿರದಲ್ಲಿ ಲೆವಿಯವರು ಬಂದು ಮನೆಮನೆಯ ರಾಗಿ ಅಳೆದು ಸರ್ಕಾರದ ಪಾಲು ಒಯ್ದಿದ್ದರು. ಗೋಪಾಲಪ್ಪ ಅವರ ಮುಂದೆ ತಲೆಯ ಮೇಲೆ ಕೈ ಇಟ್ಟುಕೊಂಡು, ಈ ವರ್ಷ ಕಾಡುಹಂದಿ ತಿಂದು ಹೋಯಿತು, ಮನೆಗೇ ಸಾಲದು ಅಂದಿದ್ದ. ಅದಕ್ಕೂ ನಾಲ್ಕು ದಿನ ಮೊದಲು ಬೆಳಗಿನ ಜಾವ ಕಾಲುವೆ ನೋಡಲು ಹೋದ ಮುನಿರಾಮಯ್ಯನಿಗೆ, ಕೊಟ್ಟಿಗೆಯ ಹಿಂದೆ ಹೊಸ ಮಣ್ಣು ಕಂಡಿತ್ತು. ಹಗೇವು ತೋಡಿದ ಮಣ್ಣು ಯಾವ ಬಣ್ಣ ಎಂದು ಅವನಿಗೆ ಗೊತ್ತು. ಹಗೇವು ಎಂದರೆ ಬಾವಿಯ ಹಾಗೆ ನೆಲದೊಳಗೆ ಇಳಿಸಿ, ರಾಗಿ ತುಂಬಿ, ಬಾಯಿ ಮುಚ್ಚುವ ಗುಂಡಿ. ಗಟ್ಟಿ ಮೇಡಿನಲ್ಲಿ ತೋಡಬೇಕಾದದ್ದನ್ನು ಗೋಪಾಲಪ್ಪ ಕಣ್ಣಿಗೆ ಬೀಳಬಾರದೆಂದು ತಗ್ಗಿನಲ್ಲಿ ತೋಡಿದ್ದ. ಮೇಲೆ ಹುಲ್ಲಿನ ಮೆದೆ ಒಟ್ಟಿದ್ದ. ಈಗ ಆ ಮಾತಿಗೆ ಕಿವಿಗೊಡಬೇಕಾದರೆ ಹತ್ತು ಜನರೆದುರು ಹಗೇವು ಇದೆ ಎಂದು ಒಪ್ಪಬೇಕು. ಅಷ್ಟರ ಮಟ್ಟಿಗೆ ಆಕಾಶ ಅವನನ್ನು ತಿದ್ದಿರಲಿಲ್ಲ.

ಇಪ್ಪತ್ತು ದಿನ ಕಾಲುವೆ ತೋಡಿದರು. ಗೋಪಾಲಪ್ಪ ಎರಡು ಕೊನೆಗೂ ಗೂಟ ನೆಟ್ಟು ಹಗ್ಗ ಕಟ್ಟಿಸಿದ. ಅಳತೆ ಒಂದೇ, ಎಲ್ಲೆಡೆ ಮಂಡಿಯುದ್ದ. ನೋಡಲು ಬಲು ಚೆಂದವಾಗಿತ್ತು. ನಂದಗುಡಿಯಿಂದಲೂ ಬಂದು ನೋಡಿಹೋದರು. ಗೋಪಾಲಪ್ಪ ಪ್ರತಿಯೊಬ್ಬರನ್ನೂ ಏರಿಯ ತುದಿಗೆ ಕರೆದೊಯ್ದು, "ಇಲ್ಲಿಂದ ಏನ್ ಮಹಾ, ಮೇಲಿಂದ ನೋಡ್ಬೇಕು ಇದನ್ನ," ಅನ್ನುತ್ತಿದ್ದ.

ಮುನಿರಾಮಯ್ಯ ಕೇಳಿಕೊಂಡದ್ದು ಒಂದೇ. ನೀರು ಹರಿದು ನೋಡುವವರೆಗೆ ಹಳೆಯ ಕಾಲುವೆಯ ಬಾಯಿ ಮುಚ್ಚಬೇಡಿ. ಗೋಪಾಲಪ್ಪ ಅಂದೇ ಸಂಜೆ ಕಲ್ಲು, ಮಣ್ಣು, ಗರಿಕೆ ಹೆಂಟೆ ಹಾಕಿಸಿ ಮುಚ್ಚಿಸಿದ.

ಮಾಘದ ಹುಣ್ಣಿಮೆ ಕಳೆದ ಬುಧವಾರ ಬೆಳಗ್ಗೆ ತೂಬಿಗೆ ಅರಿಸಿನ ಕುಂಕುಮ ಇಟ್ಟು ಕಾಯಿ ಒಡೆದರು. ಒಟ್ಲಿನಲ್ಲಿ ಸಸಿ ನಾಟಿಗೆ ಬಂದು ನಿಂತಿತ್ತು. ಇನ್ನು ನಾಲ್ಕು ದಿನ ನೀರಿಲ್ಲದಿದ್ದರೆ ಹಳದಿಯಾಗುವುದು. ಮುನಿರಾಮಯ್ಯ ಹೊಸ ಸರಳು ಎತ್ತಿದ. ತಾನು ಹೊತ್ತು ತಂದ ಸರಳಿನಿಂದ ತನ್ನ ಕೈಯಲ್ಲೇ ತನ್ನ ಕೆಲಸ ಕಳೆಯುವ ನೀರು ಬಿಟ್ಟ. ನೀರು ಎಲ್ಲಿ ನಿಲ್ಲುತ್ತದೆಂದು ಕೈಗೆ ಗೊತ್ತಿತ್ತು.

ಚಿಕ್ಕವೆಂಕಟಪ್ಪ ನೀರಿನ ಜೊತೆಗೇ ಪಂಚೆ ಎತ್ತಿ ಓಡಿದ. "ಬಂತು ಬಂತು, ಬಿಡಿ ದಾರಿ," ಎನ್ನುತ್ತ ಓಡಿದ. ನೂರು ಮಾರು ನೀರೂ ಓಡಿತು, ಅವನೂ ಓಡಿದ. ಆಮೇಲೆ ಅವನೇ ಮುಂದಾದ. ತಿರುಗಿ ನೋಡಿದರೆ ನೀರು ಬರುತ್ತಿರಲಿಲ್ಲ. ನಿಂತಿತ್ತು. ಕಸಕಡ್ಡಿ, ಕಾಯಿ ಒಡೆದ ಚೂರು, ಕುಂಕುಮ ಎಲ್ಲ ಒಂದು ಕಡೆ ಕೂಡಿ ಮೆಲ್ಲಗೆ ತಿರುಗುತ್ತಿದ್ದವು.

"ದಮ್ಮು ಸಾಲ್ದು. ತೂಬು ಇನ್ನೂ ಎತ್ತೋ," ಎಂದು ಗೋಪಾಲಪ್ಪ ಹೊಲದಿಂದಲೇ ಕೂಗಿದ.

"ಎತ್ತಿದ್ರೆ ಕೊಟ್ಟಿಗೆಗೇ ಹೋಗ್ತದೆ ಗೌಡ್ರೆ."

"ಎತ್ತು ಅಂದ್ರೆ ಎತ್ತು."

ಮುನಿರಾಮಯ್ಯ ಎತ್ತಿದ. ನೀರು ಉಬ್ಬಿತು, ಸೀದಾ ಕಾಲುವೆಯ ದಂಡೆ ಹಾರಿತು, ಹೊಲದ ಓರೆ ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಹೋಯಿತು. ದಾರಿ ತೋರಿಸುವವರು ಬೇಕಾಗಲಿಲ್ಲ. ಹುಲ್ಲಿನ ಮೆದೆಯ ಸುತ್ತ ಪಾದ ಮುಳುಗುವಷ್ಟು ನಿಂತಿತು. ಆಮೇಲೆ ಮೆದೆಯ ಅಡಿಯಿಂದ ಗುಳುಗುಳು ಸದ್ದು ಬಂತು. ಗುಳ್ಳೆ ಎದ್ದವು. ನಿಂತ ನೀರು ಇಳಿಯುತ್ತಾ ಹೋಯಿತು.

ಗೋಪಾಲಪ್ಪನ ಮುಖ ಬೂದಿ ಬಳಿದ ಹಾಗಾಯಿತು. "ಇಳಿಸು, ತೂಬು ಇಳಿಸು," ಅಂದ. ಮುನಿರಾಮಯ್ಯ ಇಳಿಸಿದ.

ಬೈರಮ್ಮ ಸೀರೆಯ ನೆರಿಗೆ ಎತ್ತಿಕೊಂಡು ಹತ್ತಿರ ಬಂದು ಬಗ್ಗಿ ನೋಡಿದಳು. "ಇದೇನಪ್ಪಾ, ನಿನ್ನ ಕೊಟ್ಟಿಗೆ ನೆಲ ಹಿಂಗ್ ನೀರು ಕುಡೀತದೆ? ಬಾಣಂತಿಗೂ ಇಷ್ಟು ದಾಹ ಇರಾಕಿಲ್ಲ."

"ಹೆಗ್ಗಣದ ಬಿಲ," ಅಂದ ಗೋಪಾಲಪ್ಪ.

"ಹೆಗ್ಗಣನಾ? ಲೆವಿಯೋರು ಬಂದಾಗ ಕಾಡುಹಂದಿ ಅಂದಿದ್ದೆ."

ಯಾರೂ ನಗಲಿಲ್ಲ. ನಗುವುದಕ್ಕೆ ಇನ್ನೂ ಸಮಯವಿದೆ ಎನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾರನೆಯ ದಿನವೆಲ್ಲ ಗೋಪಾಲಪ್ಪ ಮೆದೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ನೆಂದ ರಾಗಿ ಯಾರ ಕಾವಲನ್ನೂ ಲೆಕ್ಕಕ್ಕೆ ಇಡುವುದಿಲ್ಲ. ಗುರುವಾರ ಸಂಜೆಗೆ ಹುಳಿವಾಸನೆ ಕೊಟ್ಟಿಗೆ ದಾಟಿತು. ಶುಕ್ರವಾರ ಬೆಳಗ್ಗೆ ಊರಿನ ಕೊನೆಯ ಮನೆಗೂ ಮುಟ್ಟಿತು. ಎಮ್ಮೆಗಳು ಕಣ್ಣಿ ಕಿತ್ತುಕೊಂಡು ಆ ಕಡೆಗೇ ಮೂತಿ ಮಾಡಿದವು. ಕೊನೆಗೆ ಮೆದೆ ಸರಿಸಲೇಬೇಕಾಯಿತು. ಹಗೇವಿನ ಬಾಯಿ ತೆರೆದರೆ ಒಳಗೆ ಕುತ್ತಿಗೆವರೆಗೆ ರಾಗಿ, ಅರ್ಧ ಮೊಳೆತದ್ದು, ಅರ್ಧ ಕೊಳೆತದ್ದು, ಮೇಲೆ ನೊರೆ. ಆ ವರ್ಷ ಊರಿನಲ್ಲಿ ಎಷ್ಟೋ ಮನೆಯವರು ರೇಷನ್ನಿನ ಹುಳು ಹಿಡಿದ ಜೋಳ ತಿಂದು ದಿನ ದೂಡಿದ್ದರು. ಅವರೆಲ್ಲ ಬಂದು ಸುತ್ತ ನಿಂತು ಒಳಗೆ ನೋಡಿದರು.

ಗೋಪಾಲಪ್ಪನಿಗೆ ಏನಾದರೂ ಹೇಳಬೇಕಿತ್ತು.

"ಇವ್ನೇ ಕಾರಣ," ಎಂದು ಮುನಿರಾಮಯ್ಯನ ಕಡೆ ಕೈ ತೋರಿದ. "ಹತ್ತು ಜನದ ಮುಂದೆ ಕೇಳ್ದೆ. ದಿಬ್ಬ ಕಾಣ್ಲಿಲ್ಲ ಅಂತ ಇವ್ನೇ ಹೇಳಿದ್ದು. ನೀವೆಲ್ಲ ಕೇಳಿಸ್ಕೊಂಡಿದ್ದೀರಿ."

ಮುನಿರಾಮಯ್ಯನ ಪರವಾಗಿ ಬೈರಮ್ಮ ಅಂದಳು: "ಹೌದಪ್ಪ, ಕೇಳಿಸ್ಕೊಂಡ್ವಿ. ಕಾಣಾಕಿಲ್ಲ ಅಂದ. ಇಲ್ಲ ಅನ್ಲಿಲ್ಲ. ಮೋಡ ಮುಟ್ಟಿ ಬಂದ ಕೈಗೆ ಇದೊಂದು ಮುಟ್ಟಕ್ಕಾಗ್ಲಿಲ್ವಾ ನಿನಗೆ? ನೀನು ಅಷ್ಟು ದೂರ ಹೋಗಿ ನೋಡ್ಕೊಂಡ್ ಬಂದಿದ್ದು ನಿನ್ನ ಹೊಲಾನೇ. ಅದನ್ನಾದ್ರೂ ನೆಟ್ಟಗೆ ನೋಡ್ಬಾರ್ದಾಗಿತ್ತಾ?"

ಆಗ ನಕ್ಕರು. ಏರಿಯ ಮೇಲೆ ಮುನಿರಾಮಯ್ಯನನ್ನು ನೋಡಿ ನಕ್ಕವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ನಗುವನ್ನೂ ಮುನಿರಾಮಯ್ಯ ಅಷ್ಟಕ್ಕಷ್ಟೇ ಬೆಲೆ ಕೊಟ್ಟು ಕೇಳಿಸಿಕೊಂಡ. ಸರಳು ಕೊಡು ಎಂದು ಕೇಳುವವರು ಈಗ ಯಾರೂ ಇರಲಿಲ್ಲ. ಗುದ್ದಲಿ ತೆಗೆದುಕೊಂಡು ತೂಬಿನ ಕಡೆ ಹೊರಟ. ಹಿಂದೆ ಬೈರಮ್ಮ ಬಂದಳು, ಪಾಪಮ್ಮ ಮಂಕರಿ ಹೊತ್ತು ಬಂದಳು. ಕೊನೆಗೆ ಗದ್ದೆಯವರೆಲ್ಲ ಬಂದರು. ಹೊತ್ತು ಮುಳುಗುವುದರೊಳಗೆ ಹಳೆಯ ಕಾಲುವೆಯ ಬಾಯಿ ಬಿಡಿಸಿದರು.

ಅಷ್ಟರಲ್ಲಿ ಹೊಸಕೋಟೆಯಿಂದ ಸುದ್ದಿ ಬಂದಿತ್ತು. ಹಗೇವಿನ ವಾಸನೆ ತಾಲ್ಲೂಕು ಕಚೇರಿಯವರೆಗೆ ಹೋಗಿದೆ, ಸೋಮವಾರ ಲೆವಿಯವರು ಬರುತ್ತಾರೆ.

ಶನಿವಾರ ಬೆಳಗ್ಗೆ ಮುನಿರಾಮಯ್ಯ ತೂಬೆತ್ತಿದ. ನೀರು ಎಡಕ್ಕೆ ಹೋಗಿ, ಬಲಕ್ಕೆ ಬಂದು, ಹುಣಸೆ ತೋಪು ಸುತ್ತಿ, ಆತುರವಿಲ್ಲದೆ ತನ್ನ ಹಳೆಯ ದಾರಿ ಹಿಡಿಯಿತು. ಅವನು ಅದರ ಪಕ್ಕದಲ್ಲಿ ಬರಿಗಾಲಲ್ಲಿ ನಡೆದ. ತೋಪಿನ ತಿರುವಿನಲ್ಲಿ ಎದುರಿಗೆ ಗೋಪಾಲಪ್ಪನ ಕಮಾನುಗಾಡಿ ಬಂತು. ಮುಂದೆ ಚಿಕ್ಕವೆಂಕಟಪ್ಪ ಹಗ್ಗ ಹಿಡಿದಿದ್ದ, ಒಳಗೆ ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ. ಅನುಗೊಂಡನಹಳ್ಳಿಯ ಕಡೆ ಹೆಂಡತಿಯ ತವರಿನಲ್ಲಿ ಏನೋ ಕಾರ್ಯ ಅಂತೆ. ಯಾವ ಕಾರ್ಯ, ಎಷ್ಟು ದಿನ ಎಂದು ಮುನಿರಾಮಯ್ಯ ಕೇಳಲಿಲ್ಲ. ಗಾಡಿ ದಾಟಲಿ ಎಂದು ಕಾಲುವೆಯ ಒಳಗೆ ಇಳಿದು ನಿಂತ, ನೀರು ಮೀನಖಂಡ ಮುಟ್ಟುತ್ತಿತ್ತು.

ಗೋಪಾಲಪ್ಪ ವಲ್ಲಿಯನ್ನು ತಲೆಯ ಮೇಲೆ ಮುಖ ಮುಚ್ಚುವಷ್ಟು ಎಳೆದುಕೊಂಡಿದ್ದ. ಹೀಗೆ ಅವನು ಹೊನ್ನಸಂದ್ರ ಬಿಟ್ಟು ಹೋದದ್ದು ಮಾಘದ ಆ ಶನಿವಾರ.